ತೂಕಡಿಕೆಗೆ ಇನ್ನೊಂದು ಗುಳಿಗೆಯೇ ಮದ್ದೇ?

ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಸೀಮೆಯಲ್ಲಿ ರಾತ್ರಿ ಎಚ್ಚರವಿರುವುದು ಹೊಸ ಸಂಗತಿಯೇನಲ್ಲ. ನೀರಿನ ಸರದಿ ಬಂದಾಗ, ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಕೊಟ್ಟಾಗ ರೈತ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಲೇಬೇಕು. ಬಯಲಾಟವಿದ್ದರಂತೂ ಬೆಳಕು ಹರಿಯುವವರೆಗೆ ಜನ ಕೂತಿರುತ್ತಾರೆ. ಆದರೆ ಮರುದಿನ ಮಧ್ಯಾಹ್ನ ಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿದವನನ್ನು ಯಾರೂ ಸೋಮಾರಿ ಎಂದು ಜರೆಯುವುದಿಲ್ಲ. ಕೆಟ್ಟ ನಿದ್ರೆಯ ಬಾಕಿ ತೀರಿಸಲೇಬೇಕೆಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ.

ಓದುವ ಮಕ್ಕಳ ವಿಷಯ ಬಂದಾಗ ಮಾತ್ರ ಈ ಲೆಕ್ಕ ಮರೆತುಹೋಗುತ್ತದೆ.

ಇಂಥದೊಂದು ಊರಿನಿಂದ ಬಳ್ಳಾರಿಗೆ ಬಂದು, ಹಾಸ್ಟೆಲಿನಲ್ಲಿದ್ದುಕೊಂಡು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಕೆಲವು ತಿಂಗಳ ಹಿಂದೆ ಅವನಿಗೆ ಖಿನ್ನತೆ ಕಾಣಿಸಿಕೊಂಡಿತ್ತು. ವೈದ್ಯರು ಎಸಿಟಲೋಪ್ರಾಮ್ ಗುಳಿಗೆ ಬರೆದುಕೊಟ್ಟರು. ಒಂದೂವರೆ ತಿಂಗಳಲ್ಲಿ ಮನಸ್ಸು ಹಗುರಾಯಿತು, ಊಟ ಸೇರತೊಡಗಿತು. ಆದರೆ ಬೆಳಗಿನ ತರಗತಿಯಲ್ಲಿ ಕಣ್ಣು ಎಳೆಯುತ್ತದೆ, ಪುಸ್ತಕ ತೆರೆದರೆ ತೂಕಡಿಕೆ. ಪಕ್ಕದ ಕೋಣೆಯ ಗೆಳೆಯ, ‘ಇದು ಕಾಫಿಯ ದೊಡ್ಡಪ್ಪ’ ಎಂದು ಇನ್ನೊಂದು ಗುಳಿಗೆ ಕೊಡುತ್ತಾನೆ. ಅದರ ಹೆಸರು ಮೊಡಾಫಿನಿಲ್. ಊರಿನಲ್ಲಿರುವ ತಂದೆಯದು ಬೇರೆಯೇ ಸಲಹೆ: ‘ನಿದ್ದೆ ತರೋ ಆ ಮಾತ್ರೆನೇ ಬಿಟ್ಟುಬಿಡು.’

ಗೆಳೆಯನದೂ ತಪ್ಪು, ತಂದೆಯದೂ ತಪ್ಪು. ಇಬ್ಬರಿಗೂ ಹುಡುಗನ ಮೇಲೆ ಪ್ರೀತಿ ಇದೆಯೆಂಬುದೇ ಇಲ್ಲಿನ ತೊಡಕು.

ಮೊಡಾಫಿನಿಲ್ ಫ್ರಾನ್ಸಿನಲ್ಲಿ ಹುಟ್ಟಿದ ಔಷಧಿ. ಹಗಲಿನಲ್ಲಿ ಇದ್ದಕ್ಕಿದ್ದಂತೆ ನಿದ್ರೆಗೆ ಜಾರುವ ನಾರ್ಕೊಲೆಪ್ಸಿ ಎಂಬ ಕಾಯಿಲೆಗಾಗಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1998ರಲ್ಲಿ. ಪ್ಯಾರಿಸ್‌ನಲ್ಲಿ 2003ರಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಓಟಗಾರ್ತಿ ಕೆಲ್ಲಿ ವೈಟ್ ಸಿಕ್ಕಿಬಿದ್ದದ್ದು ಇದೇ ಔಷಧಿಯಿಂದ, ಪದಕಗಳೂ ಹೋದವು. ಓಟದ ಕಣದಲ್ಲಿ ನಿಷಿದ್ಧವಾದದ್ದನ್ನು ಪರೀಕ್ಷೆಗೆ ಕೂರುವ ಮಕ್ಕಳು ಜೇಬಿನಲ್ಲಿಟ್ಟುಕೊಂಡು ತಿರುಗುವುದು ವಿಚಿತ್ರವಾದರೂ ನಿಜ. ಚರ್ಮದ ಗಂಭೀರ ಪ್ರತಿಕ್ರಿಯೆಗಳು ಮತ್ತು ಮನಸ್ಸಿನ ಏರುಪೇರುಗಳನ್ನು ಗಮನಿಸಿ, ಇದನ್ನು ನಾರ್ಕೊಲೆಪ್ಸಿಗೆ ಮಾತ್ರ ಸೀಮಿತಗೊಳಿಸಬೇಕೆಂದು ಯೂರೋಪಿನ ಔಷಧ ಸಂಸ್ಥೆ 2010ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲೂ ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ.

ಹಾಗಾದರೆ ಖಿನ್ನತೆಯ ಔಷಧಿಯ ಜೊತೆಗೆ ಇದನ್ನು ಯಾರೂ ಕೊಡುವುದೇ ಇಲ್ಲವೇ? ಕೊಡುವುದುಂಟು. ಖಿನ್ನತೆ ಇಳಿದರೂ ಆಯಾಸ, ತೂಕಡಿಕೆ ಬಿಡದ ಕೆಲವರಿಗೆ ಮನೋವೈದ್ಯರು ಯೋಚಿಸಿ, ತಮ್ಮ ಕಣ್ಗಾವಲಿನಲ್ಲಿ ಕೊಟ್ಟು ನೋಡುತ್ತಾರೆ. ಹಾಗೆ ಎರಡನ್ನೂ ಸೇವಿಸಿದವರ ಅನುಭವ ಒಂದೇ ತೆರನಾಗಿಲ್ಲ. ಮಂಜು ಸರಿದಂತಾಯಿತು ಎನ್ನುವವರಿದ್ದಾರೆ. ತಲೆನೋವು, ಬಾಯಿ ಒಣಗುವುದು, ಹಸಿವಿಲ್ಲದಿರುವುದು, ಎದೆ ಡವಡವ ಎನ್ನುವುದು, ಸಣ್ಣ ಮಾತಿಗೂ ಸಿಡುಕು, ಇವು ಗಂಟುಬಿದ್ದವು ಎನ್ನುವವರೂ ಇದ್ದಾರೆ. ಎಚ್ಚರವೇನೋ ಇತ್ತು, ಆದರೆ ಒಂದೇ ಪುಟವನ್ನು ಗಂಟೆಗಟ್ಟಲೆ ನೋಡುತ್ತ ಕೂತಿದ್ದೆ ಎಂಬ ಮಾತೂ ಅಪರೂಪವಲ್ಲ.

ಅಮೆರಿಕದಲ್ಲಿ 136 ಖಿನ್ನತೆ ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಮೊಡಾಫಿನಿಲ್ ಸೇರಿಸಿದವರಿಗೆ ಮೊದಲೆರಡು ವಾರಗಳಲ್ಲಿ ತೂಕಡಿಕೆ, ಆಯಾಸ ಬೇಗ ತಗ್ಗಿದವು. ಆರನೇ ವಾರದ ಹೊತ್ತಿಗೆ ಅವರಿಗೂ ಬರೀ ಸಕ್ಕರೆ ಗುಳಿಗೆಯಂಥ ಹುಸಿ ಔಷಧಿ ಪಡೆದವರಿಗೂ ಗಣನೀಯ ವ್ಯತ್ಯಾಸವೇ ಉಳಿದಿರಲಿಲ್ಲ!

ಗುಳಿಗೆಗಳ ನಡುವಿನ ಸಂಬಂಧವನ್ನೂ ತಿಳಿಯಬೇಕು. ಎಸಿಟಲೋಪ್ರಾಮನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಪಿತ್ತಜನಕಾಂಗದ ಒಂದು ಕಿಣ್ವ ಮುಖ್ಯ. ಮೊಡಾಫಿನಿಲ್ ಆ ಕಿಣ್ವದ ಕೈಕಟ್ಟುತ್ತದೆ. ಆಗ ಮೊದಲಿನಷ್ಟೇ ಗುಳಿಗೆ ನುಂಗಿದರೂ ರಕ್ತದಲ್ಲಿ ಅದರ ಪ್ರಮಾಣ ಏರಬಹುದು. ಪ್ರಮಾಣ ಮೀರಿದ ಎಸಿಟಲೋಪ್ರಾಮ್ ಹೃದಯದ ಲಯವನ್ನು ಕೆಡಿಸಬಲ್ಲದು. ಗೆಳೆಯನಿಗೆ ಒಗ್ಗಿದ್ದು ಇವನಿಗೆ ಒಗ್ಗದಿರಲು ಇದೊಂದೇ ಕಾರಣ ಸಾಕು. ಇನ್ನು ಮೊಡಾಫಿನಿಲ್ ದೇಹದಲ್ಲಿ ಅರ್ಧಕ್ಕಿಳಿಯಲು ಹನ್ನೆರಡರಿಂದ ಹದಿನೈದು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಮೂರಕ್ಕೆ ನುಂಗಿದವನಿಗೆ ಮರುದಿನ ಬೆಳಗಿನ ಜಾವಕ್ಕೂ ಅರ್ಧ ಉಳಿದೇ ಇರುತ್ತದೆ. ರಾತ್ರಿ ನಿದ್ರೆ ಹತ್ತದು. ನಿದ್ರೆಗೆಟ್ಟರೆ ಹಳೆಯ ಖಿನ್ನತೆ ಮತ್ತೆ ತಲೆಯೆತ್ತಲು ದಾರಿಯಾಗುತ್ತದೆ.

ತಂದೆಯ ಸಲಹೆಯೂ ಅಷ್ಟೇ ಅಪಾಯದ್ದು. ಖಿನ್ನತೆಯ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಚಡಪಡಿಕೆ, ತಲೆಯಲ್ಲಿ ಕರೆಂಟು ಹೊಡೆದಂಥ ಅನುಭವ ಉಂಟಾಗಬಹುದು. ಕಾಯಿಲೆ ಮರುಕಳಿಸಬಹುದು. ಔಷಧಿ ಶುರುವಾದ ಮೊದಲ ವಾರಗಳಲ್ಲಿ, ಪ್ರಮಾಣ ಬದಲಾದಾಗಲೂ, 24 ವರ್ಷದೊಳಗಿನವರನ್ನು ಹತ್ತಿರದಿಂದ ಗಮನಿಸಬೇಕೆಂದು 2007ರಿಂದ ಅಮೆರಿಕದಲ್ಲಿ ಔಷಧಿಯ ಪೊಟ್ಟಣದ ಮಾಹಿತಿಯಲ್ಲೇ ಎಚ್ಚರಿಸಲಾಗಿದೆ. ಮಗ ವಿಪರೀತ ಚಡಪಡಿಸಿದರೆ, ಸಾಯುವ ಮಾತಾಡಿದರೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.

ತೂಕಡಿಕೆಗೆ ಕಾರಣ ಗುಳಿಗೆಯೇ ಎಂದು ಯಾರು ಹೇಳಿದರು? ಖಿನ್ನತೆಯೇ ಇನ್ನೂ ಪೂರ್ತಿ ಇಳಿಯದಿರಬಹುದು. ರಕ್ತಹೀನತೆ ಇರಬಹುದು, ಥೈರಾಯ್ಡ್ ಕುಗ್ಗಿರಬಹುದು. ಎಷ್ಟೋ ಸಲ ಹುಡುಗ ಮಲಗುವುದೇ ರಾತ್ರಿ ಎರಡಕ್ಕೆ, ಏಳುವುದು ಐದೂವರೆಗೆ! ಗುಳಿಗೆಯೇ ಕಾರಣವಾದರೂ ದಾರಿಗಳಿವೆ. ಬೆಳಗಿನದನ್ನು ರಾತ್ರಿಗೆ ಬದಲಿಸಬಹುದು, ಪ್ರಮಾಣ ತಗ್ಗಿಸಬಹುದು, ಬೇರೆ ಔಷಧಿಗೆ ಹೋಗಬಹುದು. ಇವನ್ನೆಲ್ಲ ವೈದ್ಯರು ಮಾಡಬೇಕಾದರೆ ತೂಕಡಿಕೆಯ ಸಂಗತಿ ಅವರ ಕಿವಿಗೆ ಬೀಳಬೇಕಷ್ಟೆ. ಗೆಳೆಯ ಕೊಟ್ಟ ಗುಳಿಗೆ ಆ ಸುದ್ದಿಯನ್ನೇ ಮುಚ್ಚಿಹಾಕುತ್ತದೆ.

ಈ ಮಾತನ್ನು ಬಳ್ಳಾರಿ ಜಿಲ್ಲೆಯಲ್ಲಿ ಹೇಳುವುದಕ್ಕೆ ವಿಶೇಷ ಅರ್ಥವಿದೆ. ಮಾನಸಿಕ ಕಾಯಿಲೆಗೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಿದ್ದ ಕಾಲದಲ್ಲಿ, 1985ರಲ್ಲಿ, ನಿಮ್ಹಾನ್ಸ್ ಸಂಸ್ಥೆ ತನ್ನ ಪ್ರಯೋಗಕ್ಕೆ ಆರಿಸಿಕೊಂಡದ್ದು ಇದೇ ಜಿಲ್ಲೆಯನ್ನು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮುಂತಾದವರ ಮುತುವರ್ಜಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಖಿನ್ನತೆಯ ಔಷಧಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ಬಂತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಗುಳಿಗೆಯೊಂದೇ ಸಾಲದು, ಅದನ್ನು ನುಂಗಿದವನನ್ನು ಆಗಾಗ ವಿಚಾರಿಸುವ ಒಬ್ಬರು ಹತ್ತಿರದಲ್ಲಿರಬೇಕು ಎಂಬುದು ಆ ಪ್ರಯೋಗದ ತಿರುಳಾಗಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಇಲ್ಲದಿರುವುದು ಆ ವಿಚಾರಿಸುವವರೇ.

ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವುದನ್ನು ಅನೇಕ ಮಕ್ಕಳು ಗೆಳೆಯರಿಂದ ಮುಚ್ಚಿಡುತ್ತಾರೆ. ಎಚ್ಚರದ ಗುಳಿಗೆಯನ್ನು ವೈದ್ಯರಿಂದ ಮುಚ್ಚಿಡುತ್ತಾರೆ. ಹಾಗಾಗಿ ಎರಡೂ ಗೊತ್ತಿರುವವನು ಆ ಹುಡುಗನೊಬ್ಬನೇ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನೂ, ಒಂದು ವಾರ ಮಲಗಿದ, ಎದ್ದ ಹೊತ್ತನ್ನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು ಒಯ್ದರೆ ವೈದ್ಯರ ಅರ್ಧ ಕೆಲಸ ಹಗುರ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಅಲ್ಲಿಗೆ ಹೋಗಲು ಸಂಕೋಚವಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ದುಡ್ಡಿಲ್ಲ.