ಕಲ್ಲುಬೆಟ್ಟಕ್ಕೆ ಒಗ್ಗಿದ ತೈಲವರ್ಣ

ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣಗಳಿಂದ ಕ್ಯಾನ್ವಾಸಿನ ಮೇಲೆ ನೆಲ, ನೀರು, ಮರ, ಆಕಾಶಗಳನ್ನು ಬರೆಯುವ ತೈಲವರ್ಣದ ನಿಸರ್ಗಚಿತ್ರ ಯುರೋಪಿನ ತಂಪು ನಾಡುಗಳಲ್ಲಿ, ಮೋಡ ಮುಸುಕಿದ ಮೆದು ಬೆಳಕಿನಲ್ಲಿ ಬೆಳೆದ ಕಲೆ. ಅರಮನೆಯ ಆಶ್ರಯ ಹಾಗೂ ಕಲಾಶಾಲೆಗಳ ಮೂಲಕ ಅದು ಮೈಸೂರು ಸೀಮೆಗೆ ಬಂದಾಗ ಇಲ್ಲಿನ ಕಲಾವಿದರ ಮುಂದೆ ಇದ್ದ ದೃಶ್ಯವೇ ಬೇರೆ: ಕಣ್ಣು ಕೋರೈಸುವ ಬಿಸಿಲು, ಕೆಮ್ಮಣ್ಣು, ಬೋಳು ಬಂಡೆ, ವರ್ಷದ ಅರ್ಧ ಕಾಲ ಒಣಗಿ ಬಿರುಕು ಬಿಟ್ಟ ಕೆರೆಯಂಗಳ. ನಂದಿಬೆಟ್ಟದಿಂದ ಪೂರ್ವಕ್ಕೆ ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ಹರಡಿರುವ ಈ ಬಯಲುಸೀಮೆಯನ್ನು ತೈಲವರ್ಣದಲ್ಲಿ ಹೇಗೆ ಹಿಡಿಯಬೇಕೆಂಬ ಪ್ರಶ್ನೆಗೆ ಪರದೇಶದ ಪಠ್ಯಗಳಲ್ಲಿ ಸಿದ್ಧ ಉತ್ತರವಿಲ್ಲ; ಆದರೆ ಇದೇ ಬೆಟ್ಟಸಾಲಿನ ಪಶ್ಚಿಮ ಮಗ್ಗುಲಲ್ಲಿ, ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರ (1910–1988) ಕೃತಿಗಳಲ್ಲಿ ಆ ಉತ್ತರದ ಬಹುಪಾಲು ಸಿಗುತ್ತದೆ.

ರುಮಾಲೆಯವರು ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿಯೂ ಅನಂತರ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಕಲಿತು, ಓದಿನ ನಡುವೆಯೇ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದವರು. ಸೇವಾದಳದ ಸಂಘಟನೆ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ ಇವುಗಳಲ್ಲಿ ಅವರ ನಡುವಯಸ್ಸು ಕಳೆಯಿತು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ರಾಜಕಾರಣವನ್ನು ಬಿಟ್ಟು ಮತ್ತೆ ಕುಂಚ ಹಿಡಿದ ಅವರು ಕೊನೆಯವರೆಗೂ ಅದನ್ನು ಕೆಳಗಿಡಲಿಲ್ಲ. ಕಲಾವಿದನೊಬ್ಬನ ಬದುಕಿನಲ್ಲಿ ಇಷ್ಟು ದೀರ್ಘವಾದ ವಿರಾಮ ಸಾಮಾನ್ಯವಾಗಿ ನಷ್ಟವೆಂದೇ ಎಣಿಕೆಯಾಗುತ್ತದೆ; ರುಮಾಲೆಯವರ ವಿಷಯದಲ್ಲಿ ಹಾಗೆನ್ನುವುದು ಕಷ್ಟ. ಕಲಾಶಾಲೆಯಲ್ಲಿ ಕಲಿತ ಕಂದುಛಾಯೆಯ ಶಿಸ್ತು ಆ ಅವಧಿಯಲ್ಲಿ ಸಡಿಲಗೊಂಡು, ಅವರು ಮರಳಿ ಬಂದಾಗ ಕಣ್ಣಿಗೆ ಕಂಡ ಬಣ್ಣವನ್ನು ಅಂಜಿಕೆಯಿಲ್ಲದೆ ಇಡುವ ಧೈರ್ಯ ಅವರ ಕೈಯಲ್ಲಿತ್ತು.

ಅವರ ಸ್ಫೂರ್ತಿಯ ಮೂಲ ಬಹುಮಟ್ಟಿಗೆ ಹೂಬಿಟ್ಟ ಮರಗಳು. ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ಗುಲ್‌ಮೊಹರ್, ಜಕರಾಂಡ, ತಬೂಬಿಯಾ ಮರಗಳನ್ನು ಅವರು ಸ್ಥಳದಲ್ಲಿಯೇ ಕುಳಿತು ಬರೆದರು. ಫೋಟೋ ನೋಡಿ ಮನೆಯೊಳಗೆ ಬರೆಯುವುದಕ್ಕೂ ಹೀಗೆ ಬಯಲಿನಲ್ಲಿ ಕುಳಿತು ಬರೆಯುವುದಕ್ಕೂ ಇರುವ ಅಂತರ ದೊಡ್ಡದು, ಏಕೆಂದರೆ ಫೋಟೋದಲ್ಲಿ ನೆರಳು ಸಾಮಾನ್ಯವಾಗಿ ಕಪ್ಪಾಗಿ ಮುಚ್ಚಿಹೋಗುತ್ತದೆ, ಬಯಲಿನಲ್ಲಿ ಅದೇ ನೆರಳು ನೀಲಿ, ನೇರಳೆ, ಹಸಿರುಗಳಿಂದ ತುಂಬಿರುತ್ತದೆ. ರುಮಾಲೆಯವರ ತೈಲಚಿತ್ರಗಳಲ್ಲಿ ಬಣ್ಣಗಳು ಒಂದರೊಳಗೊಂದು ನಯವಾಗಿ ಕರಗದೆ, ಬಿಡಿಬಿಡಿಯಾದ ದಪ್ಪ ಎಳೆತಗಳಾಗಿ ಪಕ್ಕಪಕ್ಕದಲ್ಲಿ ನಿಂತು ನೋಡುವವರ ಕಣ್ಣಿನಲ್ಲಿ ಬೆರೆಯುತ್ತವೆ. ವಿಮರ್ಶಕರು ವ್ಯಾನ್ ಗೋನನ್ನು ನೆನೆಯುವುದು ಈ ಕಾರಣಕ್ಕೆ. ಹೋಲಿಕೆ ಸರಿಯಾದರೂ ಅದು ಅರ್ಧ ಸತ್ಯ: ವ್ಯಾನ್ ಗೋನ ಎಳೆತಗಳಲ್ಲಿ ಮನಸ್ಸಿನ ತಳಮಳ ಮುಂದೆ ಬರುತ್ತದೆ, ರುಮಾಲೆಯವರಲ್ಲಿ ಮುಂದೆ ಬರುವುದು ಬಿಸಿಲು.

ಸ್ಥಳದಲ್ಲಿ ಕುಳಿತು ತೈಲವರ್ಣದಲ್ಲಿ ಬರೆಯುವುದು ಸುಲಭವಾದದ್ದೇ ತಗಡಿನ ಟ್ಯೂಬಿನಿಂದ. ಅದಕ್ಕೆ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಂಡಬಹುದಾದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣದ ಪೆಟ್ಟಿಗೆ ಹೆಗಲಿಗೇರಿತು.

ಚಿಂತಾಮಣಿಯ ಸುತ್ತಲಿನ ನೆಲ ಸ್ಥಳದಲ್ಲಿ ಕುಳಿತು ಬರೆಯುವ ಈ ಪದ್ಧತಿಗೆ ಕಠಿಣವಾದರೂ ಬಹಳ ಫಲವತ್ತಾದ ವಸ್ತು. ಅಂಬಾಜಿದುರ್ಗ, ರೆಹಮಾನ್‌ಗಡ, ಕೈವಾರದ ಬೆಟ್ಟ ಇವೆಲ್ಲ ಗ್ರಾನೈಟಿನ ರಾಶಿಗಳು. ಅವುಗಳ ಬುಡದಲ್ಲಿ ರಾಗಿ ಹೊಲ, ಟೊಮೆಟೊ ತೋಟ, ಹಿಪ್ಪುನೇರಳೆ, ಹುಣಸೆ ಮತ್ತು ಹೊಂಗೆಯ ಮರಗಳು, ನೀಲಗಿರಿ ತೋಪು. ಈ ಸೀಮೆಯ ಬೆಟ್ಟಗಳನ್ನು ಯುರೋಪಿನ ಕಲಾವಿದರು ಮೊದಲು ಚಿತ್ರಿಸಿದ್ದು ಚೆಲುವಿಗಾಗಿ ಮಾತ್ರವಲ್ಲ. 1790–92ರ ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯೊಡನೆ ಬಂದ ರಾಬರ್ಟ್ ಹೋಮ್‌ನಂಥವರಿಗೆ ಮೈಸೂರಿನ ಬೆಟ್ಟಗಳೆಂದರೆ ಗೆಲ್ಲಬೇಕಾದ ದುರ್ಗಗಳು; ನಂದಿದುರ್ಗವು ಬ್ರಿಟಿಷರ ವಶವಾದದ್ದು 1791ರ ಅಕ್ಟೋಬರಿನಲ್ಲಿ, ಹೋಮ್‌ನ ಮೈಸೂರು ದೃಶ್ಯಗಳ ಸಂಪುಟ ಹೊರಬಂದದ್ದು 1794ರಲ್ಲಿ. ಈ ನೆಲದಲ್ಲಿ ಬದುಕುವವರ ಕಣ್ಣಿಗೆ ಬೆಟ್ಟ ಕಾಣುವ ಬಗೆ ಅದಲ್ಲ. ದನ ಮೇಯಿಸುವ ಜಾಗ, ಜಾತ್ರೆಯ ಜಾಗ, ಮಳೆ ಎತ್ತಲಿಂದ ಬರುತ್ತಿದೆಯೆಂದು ತಲೆಯೆತ್ತಿ ನೋಡುವ ದಿಕ್ಕು ಅದು.

ಇಂಥ ಬೆಟ್ಟವೊಂದನ್ನು ಬರೆಯುವ ಕ್ರಮವನ್ನು ಹತ್ತಿರದಿಂದ ಗಮನಿಸಬಹುದು. ಮೊದಲ ಕೆಲಸ ಕ್ಯಾನ್ವಾಸಿಗೆ ಅಸ್ತರಿ ಹಾಕುವುದು, ಅಂದರೆ ಬಟ್ಟೆಯ ಎಳೆಗಳು ಎಣ್ಣೆ ಹೀರಿ ಕ್ರಮೇಣ ಕೊಳೆಯದಂತೆ ಅಂಟು ಮತ್ತು ಬಿಳಿ ಲೇಪಗಳಿಂದ ಅವನ್ನು ಮುಚ್ಚುವುದು. ಬಿಳಿಯ ಅಸ್ತರಿಯ ಮೇಲೆ ನೇರವಾಗಿ ಬರೆದರೆ ಹೊರಬಿಸಿಲಿನಲ್ಲಿ ಕಣ್ಣು ಕುಕ್ಕಿ ಎಲ್ಲ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ತೋರುತ್ತದೆ; ಆದ್ದರಿಂದ ಅನುಭವಿಗಳು ತೆಳುವಾದ ಬರ್ನ್ಟ್ ಸಿಯೆನ್ನಾವನ್ನು, ಅಂದರೆ ಸುಟ್ಟು ಕೆಂಪಾಗಿಸಿದ ಮಣ್ಣಿನ ಬಣ್ಣವನ್ನು, ಮೊದಲೇ ಬಳಿದು ಒಣಗಿಸಿಕೊಳ್ಳುತ್ತಾರೆ. ಕೆಮ್ಮಣ್ಣಿನ ಸೀಮೆಗೆ ಈ ತಳಬಣ್ಣ ಒಂದು ವರ. ಮೇಲಿನ ಎಳೆತಗಳ ಸಂದಿನಲ್ಲಿ ಅದು ಅಲ್ಲಲ್ಲಿ ಇಣುಕಿದಾಗ ರಾಗಿ ಹೊಲದ ಹಸಿರಿನ ನಡುವೆ ಮಣ್ಣು ಇಣುಕಿದಂತೆಯೇ ಇರುತ್ತದೆ.

ಅನಂತರ ಬರುವುದು ನೆರಳಿನ ನಕ್ಷೆ. ಬೆಳಗಿನ ಓರೆ ಬಿಸಿಲು ಬಂಡೆಗಳ ಮೇಲೆ ಹೆಚ್ಚೆಂದರೆ ಎರಡು ಗಂಟೆ ಒಂದೇ ತೆರನಾಗಿ ನಿಲ್ಲುತ್ತದೆ, ಮತ್ತೆ ಸೂರ್ಯ ಮೇಲೇರಿದಂತೆ ನೆರಳು ಕರಗಿ ಬೆಟ್ಟ ಚಪ್ಪಟೆಯಾಗುತ್ತದೆ. ಆದ ಕಾರಣ ಮೊದಲ ಹತ್ತಿಪ್ಪತ್ತು ನಿಮಿಷಗಳಲ್ಲೇ ಟರ್ಪೆಂಟೈನಿನಲ್ಲಿ ತೆಳುಗೊಳಿಸಿದ ಬಣ್ಣದಿಂದ ನೆರಳುಗಳ ಆಕಾರವನ್ನು ಗುರುತಿಸಿಕೊಂಡು, ಮುಂದೆ ಬೆಳಕು ಎಷ್ಟೇ ಬದಲಾದರೂ ಆ ಗುರುತನ್ನು ಬದಲಿಸದಿರುವುದು ಇಲ್ಲಿನ ಮುಖ್ಯ ಶಿಸ್ತು. ಬಂಡೆಯ ಬೂದುಬಣ್ಣವನ್ನು ಕಪ್ಪು ಬಿಳುಪುಗಳ ಬೆರಕೆಯಿಂದ ಮಾಡಿದರೆ ಅದು ಸಿಮೆಂಟಿನ ಗೋಡೆಯಾಗಿಬಿಡುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದಾಗ ಜೀವವುಳ್ಳ ಬೂದು ಹುಟ್ಟುತ್ತದೆ: ನೀಲಿ ಹೆಚ್ಚಾದರೆ ಬಂಡೆಯ ನೆರಳಿನ ಮಗ್ಗುಲು, ಸಿಯೆನ್ನಾ ಹೆಚ್ಚಾಗಿ ಒಂದಿಷ್ಟು ಬಿಳಿ ಸೇರಿದರೆ ಬಿಸಿಲು ತಾಗಿದ ಮಗ್ಗುಲು. ಈ ಬಂಡೆಗಳ ಮೈಮೇಲೆ ಮೇಲಿಂದ ಕೆಳಕ್ಕೆ ಇಳಿದಿರುವ ಕಪ್ಪು ಪಟ್ಟೆಗಳನ್ನು ಗಮನಿಸದ ಚಿತ್ರ ಈ ಸೀಮೆಯದೆನಿಸಲಾರದು. ಮಳೆನೀರು ಮತ್ತೆ ಮತ್ತೆ ಹರಿದ ದಾರಿಯಲ್ಲಿ ಪಾಚಿ, ಕಲ್ಲುಹೂವುಗಳು ಬೆಳೆದು ಒಣಗಿ ಉಳಿದ ಗುರುತುಗಳು ಅವು. ಬೇಸಗೆಯ ನಡುವೆ ಬರೆದ ಚಿತ್ರದಲ್ಲಿಯೂ ಆ ಪಟ್ಟೆಗಳು ಮಳೆಗಾಲದ ಸಾಕ್ಷಿ ಹೇಳುತ್ತವೆ.

ದೂರವನ್ನು ತೋರಿಸುವ ಬಗೆಯೂ ಇಲ್ಲಿ ಬೇರೆ. ನಡುವಣ ಗಾಳಿಯು ಬೆಳಕನ್ನು ಚದುರಿಸುವುದರಿಂದ ದೂರದ ಬೆಟ್ಟ ನೀಲಿಯಾಗಿ, ತಿಳಿಯಾಗಿ ಕಾಣುತ್ತದೆಂಬುದು ವಾಯುಪರಿಪ್ರೇಕ್ಷ್ಯದ, ಎಂದರೆ ಗಾಳಿಯ ಆಧಾರದಿಂದ ದೂರವನ್ನು ಸೂಚಿಸುವ ವಿಧಾನದ, ಸಾಮಾನ್ಯ ನಿಯಮ. ಮಳೆ ನಿಂತ ನಂತರದ ತಿಂಗಳುಗಳಲ್ಲಿ ಇದು ನಿಜ. 1478 ಮೀಟರ್ ಎತ್ತರದ ನಂದಿಬೆಟ್ಟ ಆಗ ಮೈಲಿಗಟ್ಟಲೆ ದೂರದಿಂದ ಅಚ್ಚ ನೀಲಿಯಾಗಿ ನಿಂತಿರುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಧೂಳು ತುಂಬಿದ ಗಾಳಿ ಅದೇ ದೂರವನ್ನು ನಸು ಹಳದಿಗೆ ತಿರುಗಿಸುತ್ತದೆ, ಆಗ ನೀಲಿಯ ಬದಲು ಎಲ್ಲೋ ಓಕರ್ ಎಂಬ ಹಳದಿ ಮಣ್ಣಿನ ಬಣ್ಣವನ್ನು ಬಿಳಿಗೆ ಬೆರೆಸಿ ಹಾಕಬೇಕಾಗುತ್ತದೆ. ಪುಸ್ತಕದ ನಿಯಮ ನಂಬಿ ಬೇಸಗೆಯ ಬೆಟ್ಟಕ್ಕೂ ನೀಲಿ ಬಳಿದ ಚಿತ್ರಗಳು ಕಡಿಮೆಯಿಲ್ಲ, ಅವು ಎಲ್ಲಿಯ ಚಿತ್ರಗಳೂ ಆಗದೆ ಉಳಿದಿವೆ. ಯುಗಾದಿಯ ಹೊತ್ತಿಗೆ ಹೊಂಗೆಯ ಚಿಗುರು ಎಲೆಗಳ ಹೊಳಪಿನ ಎಳೆಹಸಿರು ಈ ಮಸುಕಿನ ಎದುರು ಎದ್ದು ಕಾಣುತ್ತದೆ. ರುಮಾಲೆಯವರ ಹೂಮರಗಳನ್ನು ಕಂಡವರಿಗೆ ಇಂಥ ಕಡೆ ಅಂಜದೆ ಶುದ್ಧ ಹಳದಿಯನ್ನೇ ಇಡಬಹುದೆಂಬ ಧೈರ್ಯ ಬರುತ್ತದೆ.

ಒಣಗುವಿಕೆಯ ವಿಷಯದಲ್ಲಿ ತಾಳ್ಮೆ ಬೇಕು. ಅಗಸೆ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಮೇಲ್ಪದರ ಕೆಲವೇ ದಿನಗಳಲ್ಲಿ ಕೈಗೆ ಅಂಟದಂತಾದರೂ ದಪ್ಪ ಎಳೆತಗಳ ಒಳಭಾಗ ಗಟ್ಟಿಯಾಗಲು ಆರು ತಿಂಗಳಿಂದ ವರ್ಷದವರೆಗೆ ಹಿಡಿಯುತ್ತದೆ, ವಾರ್ನಿಷ್ ಹಚ್ಚುವುದು ಅದಾದ ಮೇಲೆಯೇ. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಹೆಚ್ಚು ಇರಬೇಕೆಂಬ ಹಳೆಯ ನಿಯಮವನ್ನು ಮೀರಿದರೆ, ಬೇಗ ಒಣಗಿದ ಮೇಲ್ಪದರ ನಿಧಾನವಾಗಿ ಒಣಗುವ ಕೆಳಪದರದ ಮೇಲೆ ಬಿರಿಯುತ್ತದೆ.

ಕರ್ನಾಟಕದ ನಿಸರ್ಗಚಿತ್ರವೆಂದರೆ ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕೆನಾಲ್ ಜಲವರ್ಣಗಳು ಮೊದಲು ನೆನಪಾಗುವುದು ಸಹಜ, ಅವುಗಳ ಮಂಜು ಮತ್ತು ಮೌನಕ್ಕೆ ಸಾಟಿಯಿಲ್ಲ. ಆದರೆ ತಂಪು ಗಿರಿಧಾಮಗಳಿಗೆ ಸಂದ ಗೌರವ ಬಿಸಿಲಿನ ಬಯಲಿಗೆ ಸಂದಿಲ್ಲ. ಅಂಬಾಜಿದುರ್ಗದ ನೆರಳಿನ ಮಗ್ಗುಲಾಗಲಿ, ಜಾಲಿ ಬೆಳೆದ ಕೆರೆಯಂಗಳವಾಗಲಿ ಚಿತ್ರಕ್ಕೆ ಯೋಗ್ಯವಾದ ವಸ್ತುವೆಂದು ನಮ್ಮ ಶಾಲೆಗಳ ಚಿತ್ರಕಲಾ ತರಗತಿಗಳು ಇನ್ನೂ ಒಪ್ಪಿದಂತಿಲ್ಲ. ಮಕ್ಕಳು ಈಗಲೂ ಕಂಡರಿಯದ ಹಿಮಪರ್ವತ, ತೆಂಗಿನ ದಡಗಳನ್ನೇ ಬರೆಯುತ್ತಾರೆ. ಇತ್ತ ಕಲ್ಲುಗಣಿಗಾರಿಕೆ ಈ ಸೀಮೆಯ ಗುಡ್ಡಗಳ ಬಾಹ್ಯರೇಖೆಯನ್ನೇ ಬದಲಿಸುತ್ತಿದೆ, ಬೆಂಗಳೂರಿನಿಂದ ಬರುವ ಸಂಸ್ಕರಿತ ನೀರು ಕೆಲವು ಕೆರೆಗಳ ಬಣ್ಣವನ್ನು ಬದಲಿಸಿದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಚಿತ್ರಕಲಾ ಶಿಕ್ಷಕರು ಒಂದು ಬೆಳಗ್ಗೆ ಮಕ್ಕಳನ್ನು ಊರ ಹತ್ತಿರದ ಬೆಟ್ಟದ ಬುಡಕ್ಕೆ ಕರೆದೊಯ್ಯಲಿ. ಅದಕ್ಕೆ ಮೊದಲು, ಸಾಧ್ಯವಾದರೆ, ಬೆಂಗಳೂರಿನ ರಾಜಾಜಿನಗರದಲ್ಲಿರುವ ರುಮಾಲೆ ಆರ್ಟ್ ಹೌಸ್‌ಗೆ ಒಮ್ಮೆ ಕರೆದೊಯ್ದು, ರುಮಾಲೆಯವರ ಚಿತ್ರಗಳನ್ನು ಮೊದಲು ಒಂದು ಮೊಳದ ಅಂತರದಿಂದಲೂ ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದೂ ತೋರಿಸಲಿ.