ಸಾವಯವ ಗೊಬ್ಬರ ಮತ್ತು ಸೊಪ್ಪಿನ ಪೋಷಕ ಮೌಲ್ಯ: ಕೆಂಪು ಮಣ್ಣಿನ ನೆಲೆಯಲ್ಲಿ ಒಂದು ವಿವೇಚನೆ

ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಊಟದಲ್ಲಿ ಬಸ್ಸಾರು, ಮಸೊಪ್ಪುಗಳಿಗಿರುವ ಸ್ಥಾನ ಕೇವಲ ರುಚಿಗೆ ಸಂಬಂಧಿಸಿದ್ದಲ್ಲ. ಮುದ್ದೆಯ ಜೊತೆಗೆ ಬರುವ ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ ಸೊಪ್ಪುಗಳೇ ಅನೇಕ ಮನೆಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಬೀಟಾ ಕ್ಯಾರೊಟಿನ್ ಮತ್ತು ಫೋಲೇಟುಗಳ ಅಗ್ಗದ ಆಕರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಗೆ ಒಳಗಾಗಿದ್ದಾರೆ. ಆದ್ದರಿಂದ ಸೊಪ್ಪಿನ ಇಳುವರಿಯಷ್ಟೇ ಅದರ ಗುಣವೂ ವಿಚಾರಾರ್ಹ. ಆದರೆ ಮಾರುಕಟ್ಟೆಯಲ್ಲಿ ಬೆಲೆ ನಿರ್ಧಾರವಾಗುವುದು ಕಟ್ಟಿನ ಗಾತ್ರದಿಂದ.

ಈ ಸೀಮೆಯ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ಸತುವಿನ ಕೊರತೆಯೂ ಹಲವೆಡೆ ಉಂಟು. ಕಬ್ಬಿಣ ಮಾತ್ರ ಧಾರಾಳವಾಗಿದೆ, ಮಣ್ಣಿನ ಕೆಂಪು ಬಣ್ಣವೇ ಅದರದು. ಆದರೂ ಅದು ಕರಗದ ಆಕ್ಸೈಡ್ ರೂಪದಲ್ಲಿರುವುದರಿಂದ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಕೊಟ್ಟಿಗೆ ಗೊಬ್ಬರ ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಕಬ್ಬಿಣ, ಸತುವುಗಳನ್ನು ಹಿಡಿದು ಕರಗಿದ ಸ್ಥಿತಿಯಲ್ಲಿರಿಸುತ್ತವೆ. ಗೊಬ್ಬರದ ಮುಖ್ಯ ಉಪಕಾರ ಇಲ್ಲಿದೆ. ಅದು ತಾನು ತರುವ ಲವಣಕ್ಕಿಂತ ಮಣ್ಣಿನಲ್ಲಿರುವುದನ್ನು ಬಿಡಿಸಿಕೊಡುವುದೇ ಹೆಚ್ಚು.

ಎರಡನೆಯದು ಸಾರಜನಕದ ಗತಿ. ಯೂರಿಯಾ ಹೆಚ್ಚಾದಾಗ ಎಲೆ ಬೇಗ ಹಿಗ್ಗುತ್ತದೆ, ನೀರಿನಂಶ ಏರುತ್ತದೆ, ಅದೇ ತೂಕದಲ್ಲಿ ಲವಣ ಮತ್ತು ಸಿ ಜೀವಸತ್ವ ತೆಳುವಾಗುತ್ತವೆ. ಸಸ್ಯ ಬಳಸಿಕೊಳ್ಳಲಾಗದ ನೈಟ್ರೇಟ್ ಎಲೆಯಲ್ಲಿ ಉಳಿಯುತ್ತದೆ. ಸಾವಯವ ಗೊಬ್ಬರ ಸಾರಜನಕವನ್ನು ನಿಧಾನವಾಗಿ ಬಿಡುತ್ತದೆ. ಹೊಂಗೆ ಹಿಂಡಿಯಲ್ಲಿರುವ ಕರಂಜಿನ್ ಎಂಬ ವಸ್ತು ನೈಟ್ರೇಟ್ ಉತ್ಪತ್ತಿಯನ್ನೇ ತಡೆಹಿಡಿಯುತ್ತದೆ. ಇಷ್ಟರಿಂದ ಸಾವಯವವೆಲ್ಲವೂ ಸುರಕ್ಷಿತವೆಂದು ಭಾವಿಸಲಾಗದು: ಕೋಳಿ ಗೊಬ್ಬರವನ್ನು ಮಿತಿಮೀರಿ ಹಾಕಿದರೆ ನೈಟ್ರೇಟ್ ಯೂರಿಯಾದಷ್ಟೇ ಸಂಗ್ರಹವಾಗಬಹುದು. ನೈಟ್ರೇಟ್ ಬಳಕೆಗೆ ಬೆಳಕು ಅಗತ್ಯವಾದ್ದರಿಂದ ಮುಂಜಾನೆಗಿಂತ ಸಂಜೆ ಕೊಯ್ದ ಸೊಪ್ಪಿನಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಗೊಬ್ಬರಕ್ಕೆ ನೇರ ಸಂಬಂಧವಿಲ್ಲದ ಈ ಸಂಗತಿ ಬೆಳೆಗಾರರಿಗೆ ಖರ್ಚಿಲ್ಲದ ಉಪಾಯ.

ಹರಿವೆ ಮೂರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುವ ಬೆಳೆ. ಬಿತ್ತನೆಯ ದಿನ ಹಾಕಿದ ಹಸಿ ಗೊಬ್ಬರ ಅದರ ಆಯುಷ್ಯದೊಳಗೆ ಪೂರ್ತಿ ಕಳಿಯುವುದಿಲ್ಲ. ಹುಲ್ಲು ಹೆಚ್ಚಿದ್ದರೆ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಹೀರಿಕೊಂಡು ಎಲೆ ಹಳದಿಯಾಗುತ್ತದೆ; ಹಸಿ ಸಗಣಿಯ ರೋಗಾಣುಗಳು ಸೊಪ್ಪಿಗೂ ಅಂಟಬಹುದು. ಆದಕಾರಣ ಚೆನ್ನಾಗಿ ಕಳಿತ ಗೊಬ್ಬರವನ್ನು ವಾರಗಳ ಮುಂಚೆಯೇ ಸೇರಿಸುವುದು ಕ್ರಮ.

ಫಲಿತಾಂಶದ ವಿಷಯದಲ್ಲಿ ಅತಿಶಯೋಕ್ತಿ ಸಲ್ಲದು. 343 ಪ್ರಕಟಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದು ಸಾವಯವ ಬೆಳೆಗಳಲ್ಲಿ ಉತ್ಕರ್ಷಣ ನಿರೋಧಕಗಳು ಹೆಚ್ಚೆಂದೂ ಕ್ಯಾಡ್ಮಿಯಂ ಕಡಿಮೆಯೆಂದೂ ಕಂಡಿತು. ಆದರೆ 2012ರ ಮತ್ತೊಂದು ಸಮೀಕ್ಷೆಗೆ ಸಾವಯವ ಆಹಾರ ಗಣನೀಯವಾಗಿ ಹೆಚ್ಚು ಪೌಷ್ಟಿಕವೆಂಬುದಕ್ಕೆ ಬಲವಾದ ಪುರಾವೆ ದೊರೆಯಲಿಲ್ಲ. ತಳಿ, ಋತು, ಮಣ್ಣುಗಳ ವ್ಯತ್ಯಾಸವೇ ಹಲವು ಬಾರಿ ಗೊಬ್ಬರದ ಪರಿಣಾಮವನ್ನು ಮೀರಿಸುತ್ತದೆ. ಎಲೆಯಲ್ಲಿ ಕ್ಯಾಲ್ಸಿಯಂ ಏರಿದರೂ ಪಾಲಕ್ ಮತ್ತು ಹರಿವೆಯ ಆಕ್ಸಲೇಟ್ ಅದನ್ನು ಕಟ್ಟಿಹಾಕುವುದರಿಂದ ದೇಹಕ್ಕೆ ಸಿಗುವ ಪಾಲು ಅಲ್ಪ. ಮೆಂತ್ಯದಲ್ಲಿ ಈ ತೊಡಕು ಕಡಿಮೆ.

ನಗರತ್ಯಾಜ್ಯದ ಕಾಂಪೋಸ್ಟ್ ಬೇರೆಯೇ ಎಚ್ಚರ ಬೇಡುತ್ತದೆ. ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಧಾನ್ಯಗಳಿಗಿಂತ ಸುಲಭವಾಗಿ ಎಲೆಗೇರಿಸುತ್ತವೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ನಂತರ ಸೇರಿಸಲಾದ ಮಾನದಂಡಗಳು ಇಂಥ ಕಾಂಪೋಸ್ಟಿನ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಬಾರದೆಂದು ವಿಧಿಸಿವೆ. ಈ ಮಿತಿ ಚೀಲದೊಳಗಿನ ಗೊಬ್ಬರಕ್ಕೆ ಮಾತ್ರ ಅನ್ವಯಿಸುತ್ತದೆ. ನಗರದಂಚಿನ ಹೊಲಗಳಿಗೆ ಹರಿಯುವ ಕೊಳಚೆ ನೀರು ಅದರ ಹೊರಗೇ ಉಳಿಯುತ್ತದೆ.