ವಯೋವೃದ್ಧ ನೇಕಾರರೂ ವೃತ್ತಿಶಿಕ್ಷಣವೂ

‘ವೃದ್ಧ’ ಎಂಬ ಪದವು ‘ವೃಧ್’ ಎಂಬ ಧಾತುವಿನಿಂದ ಹುಟ್ಟಿದುದು. ಬೆಳೆದವನು ಎಂಬುದೇ ಅದರ ಮೂಲಾರ್ಥ. ಸವೆದವನು ಎಂಬ ಭಾವವು ಅದರಲ್ಲಿಲ್ಲ. ದೊಡ್ಡಬಳ್ಳಾಪುರದ ವಯಸ್ಸಾದ ನೇಕಾರರಿಗೆ ಹೊಸ ಕೆಲಸವನ್ನು ಕಲಿಸುವ ವಿಚಾರದಲ್ಲಿ ಈ ಅರ್ಥವನ್ನು ಮರೆತರೆ ಆರಂಭದಲ್ಲಿಯೇ ದಾರಿ ತಪ್ಪುವುದು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ಊರು ಸೀರೆಯ ನೇಯ್ಗೆಗೆ ಹೆಸರಾದುದು. ಹಿಂದಿನ ಗುಂಡಿಮಗ್ಗದಲ್ಲಿ ಕಾಲು ತುಳಿದಂತೆ ಹಾಸಿನ ಎಳೆಗಳು ಬಾಯ್ದೆರೆಯುತ್ತಿದ್ದುವು. ಕೈ ಎಸೆದ ಲಾಳಿಯು ಹೊಕ್ಕನ್ನು ಒಯ್ಯುತ್ತಿದ್ದಿತು. ವಿದ್ಯುನ್ಮಗ್ಗವು ಈ ಎರಡು ಶ್ರಮಗಳನ್ನೂ ತಾನೇ ವಹಿಸಿಕೊಂಡಿತು. ನೇಕಾರನಿಗೆ ಉಳಿದುದು ಕಣ್ಣಿನ ಕೆಲಸ: ಎಳೆ ಕಡಿದುದನ್ನು ಒಡನೆ ಕಾಣುವುದು, ಗಂಟಿಕ್ಕುವುದು, ಬರಿದಾದ ಕಂಡಿಕೆಯನ್ನು ಬದಲಿಸುವುದು. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಕೆಚ್ಚುವುದಂತೂ ಅತಿ ಸೂಕ್ಷ್ಮವಾದುದು. ಐವತ್ತು ದಾಟಿದವನಿಗೆ ದೃಷ್ಟಿ ಮಂದವಾದಾಗ ಮೊದಲು ಕೈಬಿಡುವುದು ಇಂತಹ ಕೆಲಸವೇ. ಆದರೆ ತಪ್ಪಿದ ಹೊಕ್ಕಾವುದು, ಬಣ್ಣ ಹಿಡಿಯದ ನೂಲಾವುದು, ಜರಿಯ ಗುಣವೆಂತಹದು ಎಂಬ ವಿವೇಕವು ಕಣ್ಣಿನೊಡನೆ ಮಂದವಾಗುವುದಿಲ್ಲ. ಕನ್ನಡಕವೊಂದಿದ್ದರೆ ಅದು ಮತ್ತೆ ಕೆಲಸಕ್ಕೆ ಬರುವುದು. ಅದೇ ಊರಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳೂ ಇವೆ. ಹೊಲಿಗೆಯ ಯಂತ್ರದ ಮುಂದೆ ಇಂತಹವನು ಮಂದಗತಿಯವನಾದಾನು. ಬಂದ ಬಟ್ಟೆಯ ದೋಷವನ್ನು ಪರೀಕ್ಷಿಸುವ ಸ್ಥಾನದಲ್ಲಿ ತರುಣನಿಗಿಂತ ಅವನೇ ಮೇಲು. ಅವನನ್ನು ಬಾಗಿಲ ಕಾವಲಿಗೆ ಮಾತ್ರ ತಕ್ಕವನೆಂದು ಎಣಿಸುವುದು ಅವಿವೇಕ.

ನೇಕಾರರು ಅನ್ಯವೃತ್ತಿಯನ್ನು ಕಲಿತುದು ಹೊಸ ಸಂಗತಿಯೇನೂ ಅಲ್ಲ. ಮಂದಸೋರಿನ ಶಾಸನವು ಇದಕ್ಕೆ ಪ್ರಮಾಣ. ಲಾಟದೇಶದಿಂದ ದಶಪುರಕ್ಕೆ ಬಂದು ನೆಲಸಿದ ಪಟ್ಟವಾಯರ, ಎಂದರೆ ರೇಷ್ಮೆ ನೇಯುವವರ, ಶ್ರೇಣಿಯಲ್ಲಿ ಕೆಲವರು ಧನುರ್ವಿದ್ಯೆಯನ್ನೂ ಕೆಲವರು ಕಥೆಗಳನ್ನೂ ಕೆಲವರು ಜ್ಯೋತಿಷವನ್ನೂ ಹಿಡಿದರೆಂದೂ, ಕೆಲವರು ಸ್ವಕರ್ಮದಲ್ಲಿಯೇ ಮೇಲಾದರೆಂದೂ ವತ್ಸಭಟ್ಟಿಯು ವರ್ಣಿಸಿದ್ದಾನೆ. ಪ್ರಶಸ್ತಿಕಾವ್ಯವಾದುದರಿಂದ ಸ್ವಲ್ಪ ಅತಿಶಯವನ್ನು ಕಳೆದೇ ಓದತಕ್ಕುದು. ಆದರೂ ಮಾಳವ ಸಂವತ್ಸರ ೪೯೩ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದ ಶ್ರೇಣಿಯೇ ೫೨೯ರಲ್ಲಿ, ಎಂದರೆ ಕ್ರಿ. ಶ. ೪೭೩ರ ಸುಮಾರಿಗೆ, ಅದನ್ನು ಜೀರ್ಣೋದ್ಧಾರ ಮಾಡಿಸಿತು. ವೃತ್ತಿ ಬೇರೆಯಾದವರನ್ನು ಶ್ರೇಣಿಯು ಹೊರಹಾಕಿದಂತೆ ಶಾಸನದಲ್ಲಿ ಕಾಣುವುದಿಲ್ಲ.

ನಾರದಸ್ಮೃತಿಯಲ್ಲಿ ಶಿಲ್ಪವನ್ನು ಕಲಿಯುವ ಅಂತೇವಾಸಿಯ ಧರ್ಮವು ಉಕ್ತವಾಗಿದೆ: ಬಂಧುಗಳ ಅನುಮತಿಯಿಂದ ಆಚಾರ್ಯನ ಬಳಿ ಸೇರಬೇಕು, ಕಾಲವನ್ನು ಮೊದಲೇ ನಿಶ್ಚಯಿಸಬೇಕು, ಆಚಾರ್ಯನು ಅವನಿಂದ ಬೇರೆ ಕೆಲಸ ಮಾಡಿಸದೆ ಪುತ್ರನಂತೆ ಕಾಣಬೇಕು. ಪುತ್ರನಂತೆ ಎಂಬ ಮಾತು ಎಳೆಯರಿಗೆ ಒಪ್ಪುವುದು. ಮಗ್ಗದ ಮುಂದೆ ಮೂವತ್ತು ವರ್ಷ ಕಳೆದವನನ್ನು ಪುತ್ರನಂತೆ ಕಾಣುವುದು ಹೇಗೆ? ಅಲ್ಲಿ ಶಿಕ್ಷಕನು ಮೊದಲು ಶಿಷ್ಯನಾಗಬೇಕು. ಅವನಿಗೆ ತಿಳಿದುದೇನೆಂಬುದನ್ನು ಅವನಿಂದಲೇ ಅರಿಯಬೇಕು.

ಈಚಿನ ಸರ್ಕಾರಿ ಯೋಜನೆಗಳಲ್ಲಿ ಈ ತತ್ತ್ವವು ಅರೆಬರೆಯಾಗಿ ಕಾಣುವುದು. ೨೦೧೪ರಲ್ಲಿ ತೊಡಗಿದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಯು ಸಾಮಾನ್ಯವಾಗಿ ೧೫ರಿಂದ ೩೫ ವರ್ಷದವರಿಗಾಗಿ ಏರ್ಪಟ್ಟುದು. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಗೆ ೧೮ ವರ್ಷವೆಂಬ ಕೆಳಮಿತಿಯುಂಟು, ಮೇಲ್ಮಿತಿಯಿಲ್ಲ. ಆದರೆ ಅದರ ೧೮ ಕಸುಬುಗಳಲ್ಲಿ ದರ್ಜಿಯಿದ್ದಾನೆ, ಕುಂಬಾರನಿದ್ದಾನೆ, ಬಟ್ಟೆ ನೇಯುವವನಿಲ್ಲ. ಅರುವತ್ತು ದಾಟಿದವರಿಗೆ ಉದ್ಯೋಗದಾತರೊಡನೆ ಸಂಪರ್ಕ ಕಲ್ಪಿಸಲು ‘ಸೇಕ್ರೆಡ್’ ಎಂಬ ಏರ್ಪಾಟು ೨೦೨೧ರ ಅಕ್ಟೋಬರಿನಲ್ಲಿ ಹುಟ್ಟಿತು.

ಇವೆಲ್ಲಕ್ಕಿಂತಲೂ ಗಮನಾರ್ಹವಾದುದು ೨೦೧೫ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿನ ‘ಪೂರ್ವಕಲಿಕೆಯ ಮಾನ್ಯತೆ’. ಶಾಲೆಯಲ್ಲಿ ಕಲಿಯದೆ ತಂದೆಯ ಮಗ್ಗದಲ್ಲಿ ಕಲಿತವನ ವಿದ್ಯೆಯನ್ನು ಪರೀಕ್ಷಿಸಿ, ಕೊರತೆಯಿದ್ದರೆ ತುಂಬಿ, ಪ್ರಮಾಣಪತ್ರವನ್ನು ಕೊಡುವುದೇ ಇದರ ಉದ್ದೇಶ. ಆ ಯೋಜನೆಯ ನಾಲ್ಕನೆಯ ಘಟ್ಟದಲ್ಲಿ ಇದು ೫೯ ವರ್ಷದವರೆಗೂ ಅನ್ವಯಿಸುವುದು. ಇಲ್ಲಿ ಭಾಷೆಯ ಪ್ರಶ್ನೆಯು ಏಳುತ್ತದೆ. ‘ವಾರ್ಪ್’, ‘ವೆಫ್ಟ್’ ಎಂದು ಪರೀಕ್ಷಕನು ಕೇಳಿದರೆ ಹಾಸುಹೊಕ್ಕನ್ನು ಅಂಗೈಯಲ್ಲಿಟ್ಟುಕೊಂಡವನೂ ಬಾಯಿಬಿಡಲಾರನು. ಲಾಳಿ, ಕಂಡಿಕೆ, ಹಣಿಗೆ, ಕೆಚ್ಚುವುದು ಮೊದಲಾದ ಪದಗಳು ಅರ್ಥಸಹಿತವಾಗಿ ಪರೀಕ್ಷಕನ ಕೈಯಲ್ಲಿರಬೇಕು. ನೇಕಾರರ ಬಾಯಿಂದ ಅಂತಹ ಪದಕೋಶವನ್ನು ಸಂಗ್ರಹಿಸುವುದು ದೊಡ್ಡಬಳ್ಳಾಪುರದ ಕನ್ನಡ ಅಧ್ಯಾಪಕರಿಂದ ಆಗತಕ್ಕ ಕೆಲಸ.